ಜುಲೈ ಬೇಡ, ಸೆಪ್ಟೆಂಬರ್‌ಗೆ ಹೋಗಿ: ಕ್ಯಾಂಪಸ್ ಪ್ರೇರಿಯಲ್ಲಿ ಮಕ್ಕಳ ಜೊತೆ ಕೆಲಸ ಮಾಡಿ ಕಲಿಯುವುದು ಹೇಗೆ?

ವಿಸ್ಕಾನ್ಸಿನ್, ಇಲಿನಾಯ್, ಅಯೋವಾ, ಕ್ಯಾನ್ಸಸ್ ಕಡೆ ಇರುವ ಕನ್ನಡದ ಅಪ್ಪ-ಅಮ್ಮಂದಿರು ಪದೇಪದೇ ಕೇಳುವ ಪ್ರಶ್ನೆ ಇದು: "ಯೂನಿವರ್ಸಿಟಿಯವರ ನೇಚರ್ ಸೆಂಟರ್‌ನಲ್ಲಿ ಪ್ರೇರಿ ಇದೆ ಅಂತ ಮಕ್ಕಳನ್ನ ಕರ್ಕೊಂಡು ಹೋದ್ವಿ. ಬರೀ ಹುಲ್ಲು. ಹತ್ತೇ ನಿಮಿಷಕ್ಕೆ ಬೇಜಾರಾಯ್ತು. ಅಲ್ಲಿ ನೋಡೋದು ಏನು?" ವಾರಾಂತ್ಯದ ಕನ್ನಡ ಶಾಲೆ ನಡೆಸುವವರೂ ಇದನ್ನೇ ಕೇಳುತ್ತಾರೆ. ಅವರ ಹಿಂದೆ ದೊಡ್ಡ ಗುಂಪು ಬೇರೆ ಇರುತ್ತದೆ.

ನನ್ನ ಉತ್ತರ ಚಿಕ್ಕದು. ನೋಡೋಕೆ ಹೋಗಬೇಡಿ, ಕೆಲಸ ಮಾಡೋಕೆ ಹೋಗಿ. ಜುಲೈನಲ್ಲಿ ಹೂವು ಜಾಸ್ತಿ, ಫೋಟೋ ಚೆನ್ನಾಗಿ ಬರುತ್ತೆ, ನಿಜ. ಆದರೆ ಆಗ ಬಿಸಿಲು, ಸೊಳ್ಳೆ, ಉಣುಗು ಎಲ್ಲವೂ ಇರುತ್ತವೆ. ಮಕ್ಕಳ ಕೈಗೆ ಕೊಡುವಂಥ ಕೆಲಸ ಮಾತ್ರ ಕಡಿಮೆ. ಸೆಪ್ಟೆಂಬರ್ ಕೊನೆಯಲ್ಲಿ ಬೀಜ ಬಲಿಯುತ್ತದೆ. ಬೀಜ ಆರಿಸುವ ಕೆಲಸ ಆರು ವರ್ಷದ ಮಗುವಿಗೂ ಬರುತ್ತದೆ, ಊರಿಂದ ಬಂದ ಅಜ್ಜಿಗೂ ಬರುತ್ತದೆ. ಅಲ್ಲಿಂದ ಶುರು ಮಾಡಿ ಒಂದು ವರ್ಷ ಒಂದೇ ಜಾಗಕ್ಕೆ ಹೋಗಿ ಬನ್ನಿ. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಅದಕ್ಕೂ ಮೊದಲು ಪ್ರೇರಿ ಅಂದರೆ ಏನು ಅಂತ ಎರಡು ಮಾತು. ಉತ್ತರ ಅಮೆರಿಕದ ನಡುಭಾಗದ ಹುಲ್ಲುಗಾವಲಿಗೆ ಪ್ರೇರಿ ಅನ್ನುತ್ತಾರೆ. ಅದರ ಪೂರ್ವ ಭಾಗದಲ್ಲಿ ಮಳೆ ಜಾಸ್ತಿ, ಅಲ್ಲಿನ ಹುಲ್ಲು ಆಳೆತ್ತರ ಬೆಳೆಯುತ್ತದೆ. ಅದೇ 'ಟಾಲ್‌ಗ್ರಾಸ್ ಪ್ರೇರಿ', ಎತ್ತರ ಹುಲ್ಲಿನ ಬಯಲು. ಒಂದು ಕಾಲಕ್ಕೆ ಇದು ಸುಮಾರು 17 ಕೋಟಿ ಎಕರೆ ಇತ್ತು. ಈಗ ಉಳಿದಿರುವುದು ಶೇ. 4ಕ್ಕಿಂತ ಕಡಿಮೆ, ಅದರಲ್ಲೂ ಹೆಚ್ಚಿನದು ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ. 'ಪ್ರೇರಿ ಸ್ಟೇಟ್' ಅಂತ ಹೆಸರು ಹೊತ್ತ ಇಲಿನಾಯ್‌ನಲ್ಲಿ 2.2 ಕೋಟಿ ಎಕರೆ ಇದ್ದದ್ದು, ಈಗ ಒಳ್ಳೆಯ ಸ್ಥಿತಿಯಲ್ಲಿ ಇರುವುದು ಸುಮಾರು 2,500 ಎಕರೆ ಅಷ್ಟೆ. ಮಿಕ್ಕಿದ್ದೆಲ್ಲ ಮೆಕ್ಕೆಜೋಳ, ಸೋಯಾ ಹೊಲ ಆಯಿತು. ಬೇರು ಹೆಣೆದುಕೊಂಡ ಆ ಜಿಗುಟು ಮಣ್ಣಿಗೆ ಹಳೆಯ ನೇಗಿಲು ನಾಟುತ್ತಿರಲಿಲ್ಲ. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್‌ನಲ್ಲಿ ಕಮ್ಮಾರ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ. ಆಮೇಲೆ ಉಳುಮೆಗೆ ತಡೆಯೇ ಇರಲಿಲ್ಲ.

ಹಂತ 1: ಜಾಗ ಆರಿಸಿ

ಮನೆಯಿಂದ ಮುಕ್ಕಾಲು ಗಂಟೆಯ ಒಳಗೆ ಇರುವ ಜಾಗವನ್ನೇ ಆರಿಸಿ. ಎಷ್ಟೇ ಹೆಸರುವಾಸಿ ಜಾಗವಾದರೂ ಮೂರು ಗಂಟೆ ಡ್ರೈವ್ ಇದ್ದರೆ ಎರಡನೇ ಸಲ ಹೋಗೋದಿಲ್ಲ, ಅಲ್ವಾ?

ಯೂನಿವರ್ಸಿಟಿಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು: ಆರ್ಬೊರೀಟಂ (ಮರಗಿಡಗಳನ್ನು ಬೆಳೆಸಿ ಅಧ್ಯಯನ ಮಾಡುವ ತೋಟ), ಫೀಲ್ಡ್ ಸ್ಟೇಷನ್, ನೇಚರ್ ಸೆಂಟರ್. ಮ್ಯಾಡಿಸನ್ ಹತ್ತಿರ ಇದ್ದರೆ ನಿಮ್ಮ ಅದೃಷ್ಟ. ವಿಸ್ಕಾನ್ಸಿನ್ ಯೂನಿವರ್ಸಿಟಿಯ ಆರ್ಬೊರೀಟಂನಲ್ಲಿ ಇರುವ ಕರ್ಟಿಸ್ ಪ್ರೇರಿ ಜಗತ್ತಿನಲ್ಲೇ ಮೊದಲು ಮರಳಿ ಕಟ್ಟಿದ ಪ್ರೇರಿ ಅಂತ ಹೆಸರಾದದ್ದು. ಅದು ಮೊದಲು ಉತ್ತ ಹೊಲ, ಕುದುರೆ ಮೇಯುವ ಜಾಗ. ಆರ್ಬೊರೀಟಂ ಉದ್ಘಾಟನೆ ಆದದ್ದು 1934ರಲ್ಲಿ. ಹೆಸರಾಂತ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅಲ್ಲಿನ ಮೊದಲ ಸಂಶೋಧನಾ ನಿರ್ದೇಶಕ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಕೆಲಸವಿಲ್ಲದ ಯುವಕರಿಗೆ ಕೆಲಸ ಕೊಡುವ ಸರ್ಕಾರದ ಸಿ.ಸಿ.ಸಿ. ಯೋಜನೆಯ ಹುಡುಗರು ಬೇರೆ ಕಡೆ ಉಳಿದಿದ್ದ ಪ್ರೇರಿಯಿಂದ ಹುಲ್ಲಿನ ಹೆಂಟೆ ಅಗೆದು ತಂದು ಇಲ್ಲಿ ನೆಟ್ಟರು. ಸಸ್ಯವಿಜ್ಞಾನಿ ಜಾನ್ ಕರ್ಟಿಸ್ ಹೆಸರು ಆಮೇಲೆ ಬಂತು.

ಕ್ಯಾನ್ಸಸ್‌ನವರಿಗೆ ಮ್ಯಾನ್‌ಹ್ಯಾಟನ್ ಊರಿನ ಹತ್ತಿರ ಕೊಂಜಾ ಪ್ರೇರಿ ಇದೆ. ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ ನಡೆಸುವ ಸಂಶೋಧನಾ ಕೇಂದ್ರ ಅದು. ಅಯೋವಾದವರಿಗೆ ಸೀಡರ್ ಫಾಲ್ಸ್‌ನ ಟಾಲ್‌ಗ್ರಾಸ್ ಪ್ರೇರಿ ಸೆಂಟರ್. ಶಿಕಾಗೊ ಪಶ್ಚಿಮ ಭಾಗದವರಿಗೆ ಕಾಲೇಜಲ್ಲದಿದ್ದರೂ ಬಟೇವಿಯಾದ ಫರ್ಮಿಲ್ಯಾಬ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯ ಇದೆ. ಅಲ್ಲಿ 1975ರಲ್ಲಿ ಕಣ ವೇಗವರ್ಧಕದ ಉಂಗುರದ ಒಳಗಿನ ಖಾಲಿ ಜಾಗದಲ್ಲಿ ಪ್ರೇರಿ ಬಿತ್ತಿದರು. ಹೋಗುವ ಮುಂಚೆ ಒಳಗೆ ಬಿಡುವ ನಿಯಮ ನೋಡಿಕೊಳ್ಳಿ. ಇದು ಎಲ್ಲಾ ಜಾಗಕ್ಕೂ ಅನ್ವಯಿಸುವ ಮಾತು. ಸಂಶೋಧನೆಯ ಜಾಗ ಎಲ್ಲರಿಗೂ ತೆರೆದಿರುವುದಿಲ್ಲ.

ಒಂದು ಪ್ರಶ್ನೆ ತಪ್ಪದೆ ಕೇಳಿ: ಇದು 'ರೆಮ್ನಂಟ್' ಪ್ರೇರಿಯೋ, 'ರೆಸ್ಟೋರ್ಡ್' ಪ್ರೇರಿಯೋ? ರೆಮ್ನಂಟ್ ಅಂದರೆ ಯಾವತ್ತೂ ನೇಗಿಲು ಕಾಣದೆ ಹಾಗೇ ಉಳಿದುಕೊಂಡ ತುಂಡು. ರೈಲು ಹಳಿ ಪಕ್ಕ, ಹಳೇ ಸ್ಮಶಾನದ ಮೂಲೆ, ಕಲ್ಲು ಜಾಸ್ತಿ ಇರುವ ಇಳಿಜಾರು, ಇಂಥ ಕಡೆ ಉಳಿದಿರುತ್ತವೆ. ರೆಸ್ಟೋರ್ಡ್ ಅಂದರೆ ಬೀಜ ಹಾಕಿ ಮರಳಿ ಬೆಳೆಸಿದ್ದು. ಗುಂಪು ಕಟ್ಟಿಕೊಂಡು ಕಲಿಯಲು ಎರಡನೆಯದೇ ಸರಿ. ರೆಮ್ನಂಟ್ ಆದರೆ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ.

ಹಂತ 2: ಮೊದಲೇ ಬರೆದು ಕೇಳಿ

ಇಬ್ಬರು ಮೂವರು ಆದರೆ ಸ್ವಯಂಸೇವಕರ ದಿನ ಯಾವಾಗ ಅಂತ ನೋಡಿ ಹೋದರೆ ಸಾಕು. 'ವರ್ಕ್ ಪಾರ್ಟಿ' ಅಂತ ಬೋರ್ಡು ಹಾಕಿರುತ್ತಾರೆ. ಪಾರ್ಟಿ ಅಂದರೆ ಊಟ ಅಲ್ಲ, ಕೈ ಸೇರಿಸಿ ಮಾಡುವ ಕೆಲಸ. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಒಂದು ತಿಂಗಳು ಮುಂಚೆ ಇಮೇಲ್ ಮಾಡಿ. ಹೇಳದೆ ಕೇಳದೆ ಭಾನುವಾರ ಬೆಳಗ್ಗೆ ಹತ್ತು ಕಾರಿನಲ್ಲಿ ಇಳಿದುಬಿಟ್ಟರೆ ಅಲ್ಲಿರುವ ಒಬ್ಬರೋ ಇಬ್ಬರೋ ಸಿಬ್ಬಂದಿ ಏನು ಮಾಡಬೇಕು?

ಇಮೇಲ್‌ನಲ್ಲಿ ಇಷ್ಟು ಕೇಳಿ: ಮಕ್ಕಳಿಗೆ ಕನಿಷ್ಠ ವಯಸ್ಸು ಎಷ್ಟು? ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು? ಕೈಗವಸು, ಕತ್ತರಿ ನೀವೇ ಕೊಡುತ್ತೀರಾ? ಟಾಯ್ಲೆಟ್ ಎಷ್ಟು ದೂರ? ಮಳೆ ಬಂದರೆ ಯಾರು, ಎಷ್ಟು ಗಂಟೆಗೆ ತಿಳಿಸುತ್ತಾರೆ?

'ವೇವರ್' ಅನ್ನುವ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಗಾಯವಾದರೆ ಸಂಸ್ಥೆ ಹೊಣೆಯಲ್ಲ ಅನ್ನುವ ಕಾಗದ ಅದು. 18 ವರ್ಷದ ಒಳಗಿನ ಮಕ್ಕಳಿಗೆ ಅವರ ಅಪ್ಪ ಅಥವಾ ಅಮ್ಮನೇ ಸಹಿ ಹಾಕಬೇಕು. ಕನ್ನಡ ಕೂಟದ ಗುಂಪುಗಳು ಎಡವುವುದು ಇಲ್ಲೇ. ಪಕ್ಕದ ಮನೆ ಮಗುವನ್ನ ಕಾರಿನಲ್ಲಿ ಕೂರಿಸಿಕೊಂಡು ಬಂದಿರುತ್ತಾರೆ, ಸಹಿ ಹಾಕುವವರು ಮನೆಯಲ್ಲಿ ಇರುತ್ತಾರೆ. ಹಿಂದಿನ ರಾತ್ರಿಯೇ ಎಲ್ಲರಿಂದ ತುಂಬಿಸಿಕೊಳ್ಳಿ.

ಹಂತ 3: ಮೈ ಕಾಪಾಡಿಕೊಳ್ಳಿ

ಇದನ್ನು ಓದದೆ ಮುಂದೆ ಹೋಗಬೇಡಿ. ಪ್ರೇರಿಯಲ್ಲಿ ಭಯಪಡುವಂಥದ್ದು ಕಡಿಮೆ. ಆದರೆ ಇರುವ ಮೂರು ಅಪಾಯ ಗೊತ್ತಿರಬೇಕು.

ಮೊದಲನೆಯದು ಉಣುಗು. ಮಲೆನಾಡಿನವರಿಗೆ ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ಇಲ್ಲಿನ ಕರಿಗಾಲಿನ ಉಣುಗು ಹರಡುವುದು ಲೈಮ್ ಕಾಯಿಲೆ. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದು ಕಷ್ಟ. ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ನೋಡೋಕೆ ತಮಾಷೆಯಾಗಿರುತ್ತೆ, ಪರವಾಗಿಲ್ಲ. ಚರ್ಮಕ್ಕೆ ಡೀಟ್ (ಉಣುಗು, ಸೊಳ್ಳೆ ಹತ್ತಿರ ಬರದಂತೆ ಮಾಡುವ ಔಷಧ) ಇರುವ ಸ್ಪ್ರೇ. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬಟ್ಟೆಗೆ ಮಾತ್ರ. ಹಿಂದಿನ ದಿನವೇ ಬಟ್ಟೆಗೆ ಹೊಡೆದು ಒಣಗಿಸಿ, ಮೈಗೆ ಹಚ್ಚಬೇಡಿ. ಮನೆಗೆ ಬಂದ ಕೂಡಲೇ ಹಾಕಿದ್ದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಿ, ಜಾಸ್ತಿ ಬಿಸಿಯಲ್ಲಿ 10 ನಿಮಿಷ. ಒಗೆಯುವುದು ಆಮೇಲೆ. ಸ್ನಾನ ಮಾಡಿಸುವಾಗ ಕಂಕುಳು, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಸೊಂಟದ ಸುತ್ತ, ಕೂದಲ ಒಳಗೆ ನೋಡಿ.

ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ವ್ಯಾಸಲಿನ್ ಯಾವುದೂ ಬೇಡ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ಅಂಟುತ್ತದೆ. ಹಾಗಾಗಿ ಅದೇ ದಿನ ಹುಡುಕಿ ತೆಗೆಯುವುದೇ ಮುಖ್ಯ. ಆಮೇಲಿನ ಒಂದು ತಿಂಗಳಲ್ಲಿ ಜ್ವರ ಬಂದರೆ, ಕೆಂಪು ಮಚ್ಚೆ ಹರಡಿದರೆ ಡಾಕ್ಟರ್ ಹತ್ತಿರ ಹೋಗಿ, ಪ್ರೇರಿಗೆ ಹೋಗಿದ್ದನ್ನು ಹೇಳಿ.

ಎರಡನೆಯದು ವೈಲ್ಡ್ ಪಾರ್ಸ್‌ನಿಪ್. ನಮ್ಮವರೇ ಇದಕ್ಕೆ ಬೇಗ ಮೋಸ ಹೋಗುವುದು, ಏಕೆಂದರೆ ಹಳದಿ ಹೂವಿನ ಗೊಂಚಲು ನೋಡಿದರೆ ಥೇಟ್ ಸಬ್ಬಸಿಗೆ ಹೂವು. ಎರಡೂ ಒಂದೇ ಕುಟುಂಬದ ಗಿಡಗಳು. ಎಲೆ ಮಾತ್ರ ಸಬ್ಬಸಿಗೆಯ ಹಾಗೆ ಎಳೆ ಎಳೆಯಾಗಿ ಇರುವುದಿಲ್ಲ, ಅಗಲವಾಗಿ ಹಲ್ಲು ಹಲ್ಲಾಗಿ ಇರುತ್ತದೆ. ಇದರ ರಸ ಚರ್ಮಕ್ಕೆ ತಾಗಿ, ಆಮೇಲೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಬೊಬ್ಬೆ ಏಳುತ್ತದೆ. ಕಿತ್ತು ಮೂಸಿ ನೋಡುವ ಚಪಲ ಬೇಡ. ರಸ ತಾಗಿದರೆ ಸೋಪು ಹಾಕಿ ತೊಳೆದು, ಆ ಜಾಗಕ್ಕೆ ಬಿಸಿಲು ಬೀಳದ ಹಾಗೆ ಮುಚ್ಚಿಕೊಳ್ಳಿ.

ಮೂರನೆಯದು ಪಾಯ್ಸನ್ ಐವಿ. ಒಂದು ತೊಟ್ಟಿಗೆ ಮೂರು ಎಲೆ. ಮುಟ್ಟಿದರೆ ತುರಿಕೆ. ಮೂರೆಲೆ ಕಂಡರೆ ದೂರ ಇರಿ ಅಂತ ಮಕ್ಕಳಿಗೆ ಹೇಳಿಬಿಟ್ಟರೆ ಸಾಕು.

ಹಂತ 4: ಮೊದಲ ದಿನ ಹೆಸರು ಕಲಿಸಬೇಡಿ

ಹೂಲಾ ಹೂಪ್ ಒಂದು ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ 4 ಮೀಟರ್ ಹಗ್ಗ ಸಾಕು. ಅದನ್ನು ಚೌಕ ಮಾಡಿ ಹಾಸಿದರೆ ಒಂದು ಚದರ ಮೀಟರ್ ಆಗುತ್ತದೆ. ಸಂಶೋಧಕರು ಇದನ್ನೇ 'ಕ್ವಾಡ್ರಾಟ್' ಅನ್ನುತ್ತಾರೆ. ಗಿಡ ಎಣಿಸಲು ಗುರುತು ಹಾಕಿಕೊಂಡ ಚೌಕ, ಅಷ್ಟೆ.

ಮೊದಲು ಪಾರ್ಕಿಂಗ್ ಪಕ್ಕದ ಲಾನ್ ಮೇಲೆ ಹಾಕಿ. ಎಷ್ಟು ಬಗೆಯ ಎಲೆ ಕಾಣುತ್ತದೆ? ಎರಡೋ ಮೂರೋ. ಈಗ ಸಿಬ್ಬಂದಿ ತೋರಿಸಿದ ಕಡೆ, ಪ್ರೇರಿಯೊಳಗೆ ಹಾಕಿ. ಮಕ್ಕಳನ್ನು ಮೊಣಕಾಲೂರಿ ಕೂರಿಸಿ. ಹೆಸರು ಬೇಡ. "ಒರಟು ಎಲೆ", "ಚೌಕ ಕಾಂಡ", "ಕೊತ್ತಂಬರಿ ವಾಸನೆ" ಅಂತ ಅವರೇ ಹೆಸರಿಟ್ಟು ಬರೆದುಕೊಳ್ಳಲಿ. ಕನ್ನಡದಲ್ಲೇ ಬರೆಯಲಿ. ಕನ್ನಡ ಶಾಲೆಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಒರಟು, ನುಣುಪು, ಜಿಗುಟು, ಗರಗರ, ಘಮಲು, ಇಂಥ ಮಾತುಗಳನ್ನು ತರಗತಿಯಲ್ಲಿ ಕೂತು ಕಲಿಸುವುದು ಹೇಗೆ ಹೇಳಿ?

ಎಣಿಸಿದ ಮೇಲೆ ನಾಲ್ಕು ಗಿಡ ಪರಿಚಯ ಮಾಡಿಸಿ. ನಾಲ್ಕೇ ಸಾಕು.

ಬಿಗ್ ಬ್ಲೂಸ್ಟೆಮ್: ಈ ಬಯಲಿನ ಯಜಮಾನ ಹುಲ್ಲು. ಸೆಪ್ಟೆಂಬರ್‌ನಲ್ಲಿ ಅಪ್ಪನ ತಲೆಗಿಂತ ಎತ್ತರ ಇರುತ್ತದೆ. ತುದಿಯ ತೆನೆ ಸಾಮಾನ್ಯವಾಗಿ ಮೂರಾಗಿ ಕವಲೊಡೆದು ಕೋಳಿ ಕಾಲಿನ ಹಾಗೆ ಕಾಣುತ್ತದೆ. ಇಲ್ಲಿನವರು ಟರ್ಕಿ ಕೋಳಿಯ ಕಾಲು ಅನ್ನುತ್ತಾರೆ. ಬೇರು 8–10 ಅಡಿ ಆಳ. ಮೇಲೆ ಕಾಣುವುದಕ್ಕಿಂತ ಕೆಳಗೆ ಇರುವುದೇ ಜಾಸ್ತಿ ಅಂತ ಮಕ್ಕಳಿಗೆ ಹೇಳಿ. ಮುಂದೆ ಬೆಂಕಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಕಂಪಾಸ್ ಪ್ಲಾಂಟ್: ಬುಡದ ದೊಡ್ಡ ಸೀಳೆಲೆಗಳು ಅಂಚನ್ನು ಉತ್ತರ-ದಕ್ಷಿಣಕ್ಕೆ ಮಾಡಿ ನಿಂತಿರುತ್ತವೆ. ಮಧ್ಯಾಹ್ನದ ಬಿಸಿಲು ತಪ್ಪಿಸಿಕೊಳ್ಳುವ ಉಪಾಯ. ಫೋನಿನ ದಿಕ್ಸೂಚಿ ತೆರೆದು ಪರೀಕ್ಷೆ ಮಾಡಿಸಿ. ಎಲ್ಲಾ ಎಲೆಯೂ ಸರಿಯಾಗಿ ನಿಂತಿರುವುದಿಲ್ಲ, ಹತ್ತಾರು ಎಲೆ ನೋಡಿ. ಎಲೆ ಸವರಿದರೆ ಉಪ್ಪುಕಾಗದ ಸವರಿದ ಹಾಗೆ.

ವೈಲ್ಡ್ ಬರ್ಗಮಾಟ್: ಕಾಂಡವನ್ನು ಎರಡು ಬೆರಳಿನ ನಡುವೆ ಹೊರಳಿಸಿ ನೋಡಿ. ಗುಂಡಗಿಲ್ಲ, ಚೌಕ. ಮನೆಗೆ ಹೋಗಿ ತುಳಸಿ ಕಾಂಡ ಹೊರಳಿಸಲಿ, ಅದೂ ಚೌಕವೇ. ಒಂದೇ ಕುಟುಂಬ.

ಪ್ರೇರಿ ಡ್ರಾಪ್‌ಸೀಡ್: ಸಣ್ಣ ಎಳೆಯ ಹುಲ್ಲು, ಗುಪ್ಪೆಯಾಗಿ ಬೆಳೆಯುತ್ತದೆ. ತೆನೆ ಬಂದಾಗ ಗಾಳಿಯಲ್ಲಿ ಒಂದು ಘಮ. ಕೆಲವರು ಪಾಪ್‌ಕಾರ್ನ್ ಅನ್ನುತ್ತಾರೆ, ಕೆಲವರು ಕೊತ್ತಂಬರಿ ಬೀಜ ಅನ್ನುತ್ತಾರೆ. ನಾನು ಕೊತ್ತಂಬರಿ ಪಕ್ಷ.

ಹಂತ 5: ಬೀಜ ಆರಿಸಿ, ಒಣಗಿಸಿ, ಕೇರಿ

ಇದು ಮುಖ್ಯ ಕೆಲಸ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ ನಡೆಯುತ್ತದೆ.

ಸೆಂಟರ್‌ನವರು ಒಬ್ಬೊಬ್ಬರಿಗೆ ಒಂದೊಂದು ಗಿಡ ಹಂಚುತ್ತಾರೆ. ಮಗುವಿಗೆ ಒಂದೇ ಗಿಡ ಕೊಡಿ. ನಾಲ್ಕು ಜಾತಿ ಒಂದೇ ಚೀಲಕ್ಕೆ ಬಿದ್ದರೆ ಬೇರ್ಪಡಿಸುವುದು ದೊಡ್ಡ ತಲೆನೋವು. ಬೀಜ ಬಲಿತಿದೆಯೋ ಇಲ್ಲವೋ ತಿಳಿಯುವುದು ಸುಲಭ: ಮೆಲ್ಲಗೆ ಎಳೆದಾಗ ತಾನಾಗಿ ಕೈಗೆ ಬರಬೇಕು. ಬಲ ಹಾಕಬೇಕಾಗಿ ಬಂದರೆ ಇನ್ನೂ ಕಾಯಿರಿ. ಹುಲ್ಲಾದರೆ ಒಂದು ಕೈಯಲ್ಲಿ ದಂಟು ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿಂದ ಮೇಲಕ್ಕೆ ತೆನೆ ಸವರಿ. ಕೋನ್‌ಫ್ಲವರ್ ಹೂವಿನ ಒಣಗಿದ ತಲೆ ಚುಚ್ಚುತ್ತದೆ, ಚರ್ಮದ ಕೈಗವಸು ಬೇಕು. ಮಿಲ್ಕ್‌ವೀಡ್ ಅನ್ನುವ ಎಕ್ಕದ ಬಳಗದ ಗಿಡದ ಕಾಯಿಯ ಹೊಲಿಗೆಯಂಥ ಗೆರೆ ಒತ್ತಿದರೆ ಬಿರಿಯಬೇಕು, ಒಳಗಿನ ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು. ಬಿಳಿ ಇದ್ದರೆ ಹಾಗೇ ಬಿಡಿ.

ಚೀಲ ಯಾವಾಗಲೂ ಕಾಗದದ್ದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಚೀಲದ ಮೇಲೆ ಗಿಡದ ಹೆಸರು, ಜಾಗ, ತಾರೀಖು ಬರೆಯಿರಿ. ಎಲ್ಲವನ್ನೂ ಬಳಿದುಕೊಳ್ಳಬೇಡಿ. ಹಕ್ಕಿಗೂ ಇಲಿಗೂ ಆ ಜಾಗಕ್ಕೂ ಬಿಡಬೇಕು. ಎಷ್ಟು ಪಾಲು ಅಂತ ಸೆಂಟರ್‌ನವರು ಹೇಳುತ್ತಾರೆ, ಅದನ್ನು ಮೀರಬೇಡಿ. ಇನ್ನೊಂದು ವಿಷಯ: ಆರಿಸಿದ ಬೀಜ ಸೆಂಟರ್‌ದು, ನಿಮ್ಮದಲ್ಲ. ಜೇಬಿಗೆ ಒಂದು ಹಿಡಿ ಹಾಕಿಕೊಂಡರೆ ಏನಾಯ್ತು ಅನ್ನಿಸಬಹುದು. ಕೇಳಿ. ಕೇಳಿದರೆ ಎಷ್ಟೋ ಕಡೆ ಒಂದು ಚಿಟಿಕೆ ಅವರೇ ಕೊಡುತ್ತಾರೆ.

ಆರಿಸಿದ್ದನ್ನು ಗಾಳಿಯಾಡುವ ಕಡೆ ಕಾಗದದ ಮೇಲೆ ಹರಡಿ ಒಂದೆರಡು ವಾರ ಒಣಗಿಸುತ್ತಾರೆ. ಆಮೇಲೆ ತಂತಿ ಜರಡಿ ಮೇಲೆ ಉಜ್ಜಿ, ಹೊಟ್ಟು ಹಾರಿಸುವುದು. ಇಲ್ಲಿ ನಮ್ಮ ಮೊರ ಬಹಳ ಉಪಯೋಗಕ್ಕೆ ಬರುತ್ತದೆ. ಇಲ್ಲಿನವರು ಫ್ಯಾನ್ ಮುಂದೆ ಬಕೆಟ್‌ನಿಂದ ಬಕೆಟ್‌ಗೆ ಸುರಿಯುತ್ತಾರೆ. ಊರಿಂದ ಬಂದ ಅಮ್ಮನೋ ಅತ್ತೆಯೋ ಮೊರ ಹಿಡಿದು ಕೂತರೆ ಅದರ ಎರಡರಷ್ಟು ಕೆಲಸ ಆಗುತ್ತದೆ. ಕೇರುವಾಗ ಹೊಟ್ಟು ಮುಂದಕ್ಕೆ ಹಾರಿ, ಕಾಳು ಮೊರದ ಹಿಂಬದಿಗೆ ಸರಿಯುವುದನ್ನು ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಸಂಕೋಚ ಬಿಟ್ಟು ಮೊರ ತೆಗೆದುಕೊಂಡು ಹೋಗಿ. ಮಿಲ್ಕ್‌ವೀಡ್‌ನ ರೇಷ್ಮೆ ಎಳೆಗಳನ್ನು ಮಾತ್ರ ಮನೆಯೊಳಗೆ ಬಿಡಿಸಬೇಡಿ. ಮೂಗು, ಸೋಫಾ, ಊಟದ ತಟ್ಟೆ ಎಲ್ಲಾ ಕಡೆ ಸೇರಿಕೊಳ್ಳುತ್ತದೆ.

ಹಂತ 6: ಚಳಿಗಾಲದಲ್ಲಿ ಮರ ಕಡಿಯುವ ಕೆಲಸ

ಹೌದು, ಸರಿಯಾಗೇ ಓದಿದಿರಿ. ಪರಿಸರ ಉಳಿಸುವುದು ಅಂದರೆ ಗಿಡ ನೆಡುವುದು ಅಂತ ಕಲಿತು ಬೆಳೆದ ನಮಗೆ ಇದು ಒಪ್ಪಿಗೆ ಆಗೋದು ಕಷ್ಟ. ಪ್ರೇರಿಯಲ್ಲಿ ಹೊಸದಾಗಿ ಎದ್ದ ಮರ, ಪೊದೆ ಬಿಟ್ಟರೆ ನೆರಳು ಬಿದ್ದು ಹುಲ್ಲು ಸಾಯುತ್ತದೆ. ಬಿಸಿಲು ಬೇಕಾದ ನೂರಾರು ಗಿಡಗಳೂ ಹೋಗುತ್ತವೆ. ವಿಸ್ಕಾನ್ಸಿನ್ ಕಡೆ ಬಕ್‌ಥಾರ್ನ್ ಅನ್ನುವ ಯೂರೋಪಿನ ಪೊದೆ, ಕ್ಯಾನ್ಸಸ್ ಕಡೆ ಕೆಂಪು ಸೀಡರ್.

ಮಕ್ಕಳು ಅಳಬಹುದು, "ಮರ ಯಾಕೆ ಕಡೀತಾರೆ?" ಅಂತ ಜಗಳ ಮಾಡಬಹುದು. ಹೋಗುವ ಮುಂಚೆಯೇ ಮಾತಾಡಿ. ನಮ್ಮ ಕಡೆಯ ಉದಾಹರಣೆ ಕೊಡಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಟ್ಟಿದ್ದು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಕಡೆಯ ಅಮೃತಮಹಲ್ ಕಾವಲುಗಳನ್ನು (ದನ ಮೇಯುವ ಹುಲ್ಲುಗಾವಲುಗಳನ್ನು) ಪಾಳು ಜಮೀನು ಅಂತ ಲೆಕ್ಕ ಹಾಕಿದ್ದು, ಎಲ್ಲಾ ಇದೇ ತಪ್ಪು ತಿಳಿವಳಿಕೆಯಿಂದ. ಮರ ಇಲ್ಲದ ಬಯಲು ಖಾಲಿ ಬಯಲಲ್ಲ.

ಮಕ್ಕಳಿಗೆ ಕೊಡುವ ಕೆಲಸ: ಕಡಿದ ರೆಂಬೆ ಎಳೆದು ಗುಡ್ಡೆ ಹಾಕುವುದು. ಗರಗಸ ದೊಡ್ಡವರ ಕೈಯಲ್ಲಿ. ಕಡಿದ ಬುಡಕ್ಕೆ ಔಷಧ ಹಚ್ಚುವುದು ಸಿಬ್ಬಂದಿ ಮಾತ್ರ. ಹಚ್ಚದಿದ್ದರೆ ಬಕ್‌ಥಾರ್ನ್ ಒಂದಕ್ಕೆ ಹತ್ತು ಚಿಗುರುತ್ತದೆ.

ಹಂತ 7: ಬೆಂಕಿ ನೋಡಿ, ಆದರೆ ದೂರದಿಂದ

ಬಹಳ ಜನ ಗಾಬರಿಯಾಗುವ ವಿಷಯ ಇದು. ಪ್ರೇರಿಗೆ ಬೇಕೆಂದೇ ಬೆಂಕಿ ಹಾಕುತ್ತಾರೆ. 'ಪ್ರಿಸ್ಕ್ರೈಬ್ಡ್ ಬರ್ನ್', ಅಂದರೆ ಗಾಳಿ, ತೇವ, ದಿಕ್ಕು ಎಲ್ಲಾ ಲೆಕ್ಕ ಹಾಕಿ, ಅನುಮತಿ ಪಡೆದು ಹಾಕುವ ಬೆಂಕಿ. ಬಿಳಿಯರು ಬರುವುದಕ್ಕೆ ಎಷ್ಟೋ ಮುಂಚಿನಿಂದ ಇಲ್ಲಿನ ಮೂಲ ನಿವಾಸಿಗಳು ಇದನ್ನು ಮಾಡುತ್ತಿದ್ದರು. ಆಮೇಲೆ ಬಂದವರು ಬೆಂಕಿ ಆರಿಸುವುದೇ ಒಳ್ಳೆಯದು ಅಂತ ನಂಬಿದರು. 1940ರ ದಶಕದಲ್ಲಿ ಮ್ಯಾಡಿಸನ್‌ನಲ್ಲಿ ಕರ್ಟಿಸ್ ಮತ್ತು ಜೊತೆಗಾರರು ತುಂಡು ತುಂಡಾಗಿ ಸುಟ್ಟು ಪರೀಕ್ಷೆ ಮಾಡಿದಾಗ, ಸುಟ್ಟ ಕಡೆ ಪ್ರೇರಿ ಗಿಡಗಳು ಚೆನ್ನಾಗಿ ಎದ್ದವು, ಹೊರಗಿನ ಹುಲ್ಲು ಹಿಂದೆ ಸರಿಯಿತು.

ಕಾರಣ ಸರಳ. ಪ್ರೇರಿ ಗಿಡದ ಜೀವ ಮಣ್ಣಿನ ಕೆಳಗೆ ಇರುತ್ತದೆ. ಮರದ ಜೀವ ಮೇಲೆ. ಬೆಂಕಿ ಮೇಲಿನದ್ದನ್ನು ಸುಡುತ್ತದೆ, ದಪ್ಪಗೆ ಕೂತ ಒಣಹುಲ್ಲು ಹೋಗುತ್ತದೆ, ಕಪ್ಪಾದ ನೆಲ ಬೇಗ ಬಿಸಿಯಾಗಿ ಚಿಗುರು ಬೇಗ ಬರುತ್ತದೆ. ಕೊಂಜಾದಲ್ಲಿ ಕೆಲವು ತುಂಡುಗಳನ್ನು ಪ್ರತಿ ವರ್ಷ, ಕೆಲವನ್ನು 2 ವರ್ಷಕ್ಕೆ, ಕೆಲವನ್ನು 4 ವರ್ಷಕ್ಕೆ, ಇನ್ನು ಕೆಲವನ್ನು 20 ವರ್ಷಕ್ಕೊಮ್ಮೆ ಸುಡುತ್ತಾರೆ. ಒಂದು ಗುಡ್ಡದಿಂದ ಪಕ್ಕದ ಗುಡ್ಡ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಪರೂಪಕ್ಕೆ ಸುಡುವ ಕಡೆ ಪೊದೆ, ಮರ ತುಂಬಿರುತ್ತದೆ.

ಯಾವ ದಿನ ಸುಡುತ್ತಾರೆ ಅಂತ ಮೊದಲೇ ಹೇಳಲು ಆಗದು. ಗಾಳಿ ಸರಿ ಇಲ್ಲದಿದ್ದರೆ ಅದೇ ಬೆಳಗ್ಗೆ ರದ್ದು ಮಾಡುತ್ತಾರೆ. ಸೆಂಟರ್‌ನ ಇಮೇಲ್ ಪಟ್ಟಿಗೆ ಸೇರಿಕೊಳ್ಳಿ. ನೋಡಲು ಬಿಟ್ಟರೆ ಅವರು ಹೇಳಿದ ಗೆರೆಯ ಈಚೆಗೇ, ಹೊಗೆ ಬರದ ಕಡೆ ನಿಲ್ಲಿ. ಆಸ್ತಮಾ ಇರುವ ಮಕ್ಕಳನ್ನು ಕರೆತರಬೇಡಿ. ನೋಡಲು ಆಗದಿದ್ದರೂ ಚಿಂತೆಯಿಲ್ಲ, ಎರಡು ಮೂರು ವಾರ ಬಿಟ್ಟು ಹೋಗಿ. ಕರಿ ನೆಲದಲ್ಲಿ ಹಸಿರು ಸೂಜಿ ಎದ್ದಿರುತ್ತದೆ. ಮಗುವಿಗೆ ಕಲಿಯಬೇಕಾದದ್ದು ಅಲ್ಲಿದೆ. ಮನೆ ಹಿಂದಿನ ಹುಲ್ಲಿಗೆ ನೀವೇ ಬೆಂಕಿ ಹಾಕುವ ಸಾಹಸ ಮಾತ್ರ ಯಾವತ್ತೂ ಬೇಡ.

ಹಂತ 8: ಬೇಸಿಗೆಯಲ್ಲಿ ಕಳೆ ಕೀಳಿ, ಹಕ್ಕಿಗೆ ಜಾಗ ಬಿಡಿ

ಜೂನ್‌ನಲ್ಲಿ ಸ್ವೀಟ್ ಕ್ಲೋವರ್ ಕೀಳುವ ಕೆಲಸ ಇರುತ್ತದೆ. ಎರಡು ವರ್ಷ ಬದುಕುವ ಗಿಡ. ಎರಡನೇ ವರ್ಷ ಹೂ ಬಿಟ್ಟು ಬೀಜ ಕಟ್ಟುವ ಮುಂಚೆ ಕಿತ್ತರೆ ಕಥೆ ಮುಗಿಯಿತು. ಮಳೆ ಬಂದ ಮಾರನೇ ದಿನ ಹೋಗಿ, ಬೇರು ಸಮೇತ ಬರುತ್ತದೆ.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪು ಇದೆ. ವೈಲ್ಡ್ ಕ್ವಿನೈನ್ ಅನ್ನುವ ಗಿಡದ ಬಿಳಿ ಹೂ ಕಂಡ ಕೂಡಲೇ "ಅಯ್ಯೋ, ಕಾಂಗ್ರೆಸ್ ಗಿಡ!" ಅಂತ ಕಿತ್ತುಬಿಡುತ್ತಾರೆ. ಕಣ್ಣು ಸುಳ್ಳು ಹೇಳಿಲ್ಲ, ಎರಡೂ ಪಾರ್ಥೇನಿಯಂ ಜಾತಿಯವೇ, ದಾಯಾದಿಗಳು. ಆದರೆ ಇದು ಇಲ್ಲಿಯದೇ ಗಿಡ, ಒಳ್ಳೆಯ ಪ್ರೇರಿಯ ಗುರುತು. ಯಾವುದನ್ನೂ ತೋರಿಸಿ ಕೇಳದೆ ಕೀಳಬೇಡಿ.

ಮೇ ಮಧ್ಯದಿಂದ ಆಗಸ್ಟ್‌ವರೆಗೆ ದಾರಿ ಬಿಟ್ಟು ನಡೆಯುವಾಗ ಎಚ್ಚರ. ಬಾಬಲಿಂಕ್, ಮೆಡೋಲಾರ್ಕ್‌ನಂಥ ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ. ಸಿಬ್ಬಂದಿ ಕರೆದೊಯ್ದ ಕಡೆ ಮಾತ್ರ ಹೋಗಿ.

ಮಿಲ್ಕ್‌ವೀಡ್ ಎಲೆಯ ಅಡಿ ತಿರುಗಿಸಿ ನೋಡಿ. ಮೊನಾರ್ಕ್ ಚಿಟ್ಟೆಯ ಮೊಟ್ಟೆ ಒಂದೊಂದಾಗಿ ಅಂಟಿರುತ್ತದೆ. ಅದರ ಹುಳು ಮಿಲ್ಕ್‌ವೀಡ್ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಊರಲ್ಲಿ ಎಕ್ಕದ ಗಿಡದ ಮೇಲೆ ಪಟ್ಟೆ ಪಟ್ಟೆ ಹುಳು ನೋಡಿದವರಿಗೆ ಇದು ಹೊಸದಲ್ಲ. ಅದು ಪ್ಲೇನ್ ಟೈಗರ್ ಚಿಟ್ಟೆಯ ಹುಳು, ಮೊನಾರ್ಕ್‌ನ ಹತ್ತಿರದ ನೆಂಟ. ಎಕ್ಕವೂ ಮಿಲ್ಕ್‌ವೀಡ್ ಬಳಗದ್ದೇ, ಮುರಿದರೆ ಅದೇ ಬಿಳಿ ಹಾಲು. ಆ ಹಾಲು ಕಣ್ಣಿಗೆ ತಾಗಬಾರದು.

ಹಂತ 9: ಮನೆ ಅಥವಾ ಶಾಲೆಯಲ್ಲಿ ನಿಮ್ಮದೇ ತುಂಡು

ಒಂದು ವರ್ಷ ಕೆಲಸ ಮಾಡಿದ ಮೇಲೆ ಎಲ್ಲರೂ ಕೇಳುವುದು ಇದನ್ನೇ. 10 ಅಡಿಗೆ 10 ಅಡಿ ಜಾಗ ಸಾಕು. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳಬೇಕು.

ಮೊದಲು ನಿಯಮ ನೋಡಿ. ಹುಲ್ಲು ಇಷ್ಟೇ ಎತ್ತರ ಇರಬೇಕು ಅಂತ ಹಲವು ಊರುಗಳಲ್ಲಿ ಕಾನೂನು ಇದೆ, ಬಡಾವಣೆ ಸಂಘದವರದ್ದು ಬೇರೆ ಇರುತ್ತದೆ. ಮಿನೆಸೋಟದಲ್ಲಿ 2023ರಲ್ಲಿ, ಇಲಿನಾಯ್‌ನಲ್ಲಿ 2024ರಲ್ಲಿ ಸ್ಥಳೀಯ ಗಿಡ ಬೆಳೆಸುವವರ ಪರವಾಗಿ ಕಾನೂನು ಬಂದಿದೆ. ಆದರೂ ಮೊದಲೇ ಪತ್ರ ಬರೆದು ಇಟ್ಟುಕೊಳ್ಳುವುದು ಜಾಣತನ. ಸುತ್ತ ಎರಡಡಿ ಅಗಲ ಲಾನ್ ಕತ್ತರಿಸಿ ಇಡಿ, ಒಂದು ಬೋರ್ಡು ನೆಡಿ. ಬೇಕೆಂದೇ ಬೆಳೆಸಿದ್ದು ಅಂತ ಗೊತ್ತಾದರೆ ಅಕ್ಕಪಕ್ಕದವರ ದೂರು ಅರ್ಧಕ್ಕರ್ಧ ಕಡಿಮೆ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಜಾಗದ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಕಲ್ಲು ಹೇರಿ. ಕೆಳಗಿನ ಹುಲ್ಲು ಸಾಯುತ್ತದೆ. ತೆಗೆದ ಮೇಲೆ ಅಗೆಯಬೇಡಿ. ಅಗೆದರೆ ಮಣ್ಣಿನಲ್ಲಿ ಮಲಗಿರುವ ಕಳೆ ಬೀಜವೆಲ್ಲ ಮೇಲೆ ಬರುತ್ತದೆ. ಕುಂಟೆಯಿಂದ ಮೇಲೆ ಮೇಲೆ ಕೆರೆದರೆ ಸಾಕು. ಗೊಬ್ಬರ ಬೇಡವೇ ಬೇಡ. ಗೊಬ್ಬರ ಹಾಕಿದರೆ ಮೊದಲು ಕೊಬ್ಬುವುದು ಕಳೆ.

ಬೀಜದ ಲೆಕ್ಕ: ಚದರ ಅಡಿಗೆ ಸುಮಾರು 50 ಬೀಜ. 100 ಚದರ ಅಡಿಗೆ 5,000. ಅರ್ಧ ಹುಲ್ಲು, ಅರ್ಧ ಹೂಗಿಡ. ಅಂಗಡಿಯ 'ವೈಲ್ಡ್‌ಫ್ಲವರ್ ಮಿಕ್ಸ್' ಡಬ್ಬಿ ಕೊಳ್ಳಬೇಡಿ. ಎಲ್ಲೆಲ್ಲಿಯದೋ ಗಿಡ ಸೇರಿರುತ್ತದೆ. ನಿಮ್ಮ ರಾಜ್ಯದ ಸ್ಥಳೀಯ ಬೀಜ ಮಾರುವವರು ಯಾರು ಅಂತ ಸೆಂಟರ್‌ನವರನ್ನೇ ಕೇಳಿ. ಊರಿಂದ ಬೀಜ ತರಿಸುವುದೂ ಬೇಡ, ಸರಿಯಾದ ಕಾಗದವಿಲ್ಲದೆ ತಂದರೆ ಏರ್‌ಪೋರ್ಟ್‌ನಲ್ಲಿ ತೊಂದರೆ. ಇಲ್ಲಿಂದ ಊರಿಗೆ ಒಯ್ಯುವುದೂ ಬೇಡ. ಕಾಂಗ್ರೆಸ್ ಗಿಡ ಅಮೆರಿಕ ಖಂಡದಿಂದ ಬಂದು ಏನು ಮಾಡಿತು ಅಂತ ನಮಗೆ ಗೊತ್ತೇ ಇದೆ.

ನವೆಂಬರ್‌ನಲ್ಲಿ ಬಿತ್ತಿ. ಈ ಬೀಜಗಳಲ್ಲಿ ಹಲವಕ್ಕೆ ಚಳಿ ಮತ್ತು ತೇವ ಎರಡೂ ಸಿಗದೆ ಮೊಳಕೆ ಬರುವುದಿಲ್ಲ. ಇದಕ್ಕೆ 'ಸ್ಟ್ರ್ಯಾಟಿಫಿಕೇಷನ್' ಅಂತ ಹೆಸರು. ಹೊರಗೆ ಬಿತ್ತಿದರೆ ಚಳಿಗಾಲವೇ ಆ ಕೆಲಸ ಮಾಡುತ್ತದೆ. ವಸಂತಕ್ಕೇ ಬಿತ್ತುವುದಾದರೆ ಒದ್ದೆ ಮರಳಿನಲ್ಲಿ ಕಲಸಿ 30–60 ದಿನ ಫ್ರಿಜ್‌ನಲ್ಲಿ ಇಡಬೇಕು. ಡಬ್ಬಿಗೆ ದೊಡ್ಡದಾಗಿ ಚೀಟಿ ಅಂಟಿಸಿ, ಇಲ್ಲದಿದ್ದರೆ ಒಗ್ಗರಣೆಗೆ ಬೀಳುತ್ತದೆ.

ಬಿತ್ತುವಾಗ ಒಂದು ಬಕೆಟ್ ಒದ್ದೆ ಮರಳಿಗೆ ಬೀಜ ಬೆರೆಸಿ. ಅರ್ಧವನ್ನು ಒಂದು ದಿಕ್ಕಿಗೆ, ಉಳಿದರ್ಧವನ್ನು ಅಡ್ಡ ದಿಕ್ಕಿಗೆ ಎರಚಿ. ಮರಳು ಬಿದ್ದ ಕಡೆ ಬೀಜ ಬಿದ್ದಿದೆ ಅಂತ ಗೊತ್ತಾಗುತ್ತದೆ. ಮಣ್ಣು ಮುಚ್ಚಬೇಡಿ, ಕಾಲು ಇಂಚಿಗಿಂತ ಆಳ ಹೋದರೆ ಮೇಲೆ ಬರಲು ಕಷ್ಟ. ಮಕ್ಕಳನ್ನು ಬಿಟ್ಟು ಚೆನ್ನಾಗಿ ತುಳಿಸಿ.

ಮೊದಲ ವರ್ಷ ಏನೂ ಕಾಣುವುದಿಲ್ಲ. ಕಳೆ ಮಾತ್ರ ಕಾಣುತ್ತದೆ. ಬಹಳ ಜನ ಇಲ್ಲೇ ಸೋತು ಮತ್ತೆ ಲಾನ್ ಹಾಕುತ್ತಾರೆ. ಇಲ್ಲಿನವರ ಮಾತು: ಮೊದಲ ವರ್ಷ ನಿದ್ದೆ, ಎರಡನೇ ವರ್ಷ ತೆವಳು, ಮೂರನೇ ವರ್ಷ ನೆಗೆತ. ಗಿಡ ಆ ಹೊತ್ತಿನಲ್ಲಿ ಬೇರು ಇಳಿಸುತ್ತಿರುತ್ತದೆ. ಕಳೆ ಒಂದಡಿ ಎತ್ತರ ಬಂದಾಗಲೆಲ್ಲ 4–6 ಇಂಚಿಗೆ ಕತ್ತರಿಸಿ. ಕಿತ್ತರೆ ಪಕ್ಕದ ಎಳೆ ಸಸಿಯೂ ಕಿತ್ತು ಬರುತ್ತದೆ. ಮನೆಯ ಲಾನ್ ಮಷಿನ್‌ಗಳು ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ದಾರದ ಟ್ರಿಮ್ಮರ್ ಬಳಸಿ.

ಮೂರನೇ ವರ್ಷದಿಂದ ಶರತ್ಕಾಲದಲ್ಲಿ ಒಣಗಿದ ದಂಟು ಕತ್ತರಿಸಲು ಹೋಗಬೇಡಿ. ಚಳಿಗಾಲದಲ್ಲಿ ಹಕ್ಕಿಗಳು ಬೀಜ ತಿನ್ನಲಿ. ಏಪ್ರಿಲ್ ಕೊನೆಗೆ ಕತ್ತರಿಸುವಾಗಲೂ ಒಂದಡಿಯಿಂದ ಒಂದೂವರೆ ಅಡಿ ಕೂಳೆ ಬಿಡಿ. ಟೊಳ್ಳು ದಂಟಿನೊಳಗೆ ಕೆಲವು ಕಾಡುಜೇನುಗಳು ಮೊಟ್ಟೆ ಇಡುತ್ತವೆ. ಕತ್ತರಿಸಿದ್ದನ್ನು ಕಸದ ಗಾಡಿಗೆ ಹಾಕದೆ ಬೇಲಿ ಪಕ್ಕ ಒಂದು ಮೂಲೆಯಲ್ಲಿ ಸಡಿಲವಾಗಿ ಪೇರಿಸಿಡಿ.